ಬಯಲುಸೀಮೆಯವರ ಕಡಲು

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಹಿಪ್ಪುನೇರಳೆ, ದ್ರಾಕ್ಷಿ, ಸಾವಿರ ಅಡಿ ಕೊರೆದರೂ ನೀರು ಬಂದೀತೋ ಇಲ್ಲವೋ ಎಂಬ ಕೊಳವೆಬಾವಿ, ಇವೇ ಆ ಸೀಮೆಯ ಬದುಕು. ನಂದಿಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳೆರಡೂ ಬಂಗಾಳ ಕೊಲ್ಲಿಯನ್ನು ಸೇರುತ್ತವೆಂದು ಭೂಗೋಳದ ಪುಸ್ತಕ ಹೇಳುತ್ತದೆ. ಅವುಗಳ ಒಣ ಪಾತ್ರವನ್ನು ಕಂಡವರು ಈ ಮಾತನ್ನು ನಂಬುವುದು ಕಷ್ಟ.

ಇಂಥ ಊರಿನ ಮೂವರು ಬಾಲ್ಯಸ್ನೇಹಿತರು ಒಂದು ಜನವರಿಯಲ್ಲಿ ಸಿಂಹಳಕ್ಕೆ ಹೊರಟರು. ಒಬ್ಬರು ಉಪಾಧ್ಯಾಯರು, ಒಬ್ಬರು ಬ್ಯಾಂಕಿನ ನೌಕರರು, ಮೂರನೆಯವನು ರೇಷ್ಮೆ ಬೆಳೆಗಾರ. ಉಳಿದಿಬ್ಬರಿಗೆ ರಜೆ ದೊರಕುವುದು ಕಷ್ಟವಲ್ಲ. ಹುಳು ಸಾಕುವವನದೇ ತೊಡಕು. ನಾಲ್ಕನೆಯ ಜ್ವರದಿಂದೆದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಮೇಯುತ್ತದೆ; ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು ಒಂದು ದಿನ ತಡವಾದರೆ ಬೆಳೆಗೆ ನಷ್ಟ. ಗೂಡು ಮಾರುಕಟ್ಟೆಗೆ ಹೋಗಿ, ಹುಳುಮನೆಯನ್ನು ತೊಳೆದು ಔಷಧಿ ಹೊಡೆದ ಮೇಲೆ, ತೋಟದ ಸೊಪ್ಪು ಮತ್ತೆ ಬಲಿಯುವವರೆಗಿನ ಕೆಲವು ದಿನಗಳಷ್ಟೇ ಅವನಿಗೆ ಬಿಡುವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ವಿದೇಶವೆಂಬುದು ಪಕ್ಕದ ತಾಲ್ಲೂಕಿಗೇ ಬಂದು ಕುಳಿತಿದೆ.

ಕೊಲಂಬೋದಿಂದ ದಕ್ಷಿಣಕ್ಕೆ ಹೋಗುವ ರೈಲು ಕಡಲನ್ನು ಒತ್ತಿಕೊಂಡೇ ಓಡುತ್ತದೆ. ಕಿಟಕಿಯ ಒಂದು ಕಡೆ ತೆಂಗಿನ ತೋಪು, ಇನ್ನೊಂದು ಕಡೆ ನೊರೆ. ಹಿಕ್ಕಡುವ ಸಮೀಪಿಸುವ ಮುನ್ನ ಪೆರಲಿಯ ಎಂಬ ಊರು ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿಯ ಮೊದಲ ಅಲೆಗೆ ಇಲ್ಲಿ ರೈಲೊಂದು ನಿಂತಿತು. ಅದನ್ನೇ ಆಸರೆಯೆಂದು ನಂಬಿ ಊರ ಜನರೂ ಹತ್ತಿಕೊಂಡರು. ಮುಂದಿನ ಅಲೆ ಬೋಗಿಗಳನ್ನು ಹಳಿಯಿಂದ ಎತ್ತೆಸೆಯಿತು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಬಾಮಿಯಾನದ ಬುದ್ಧನ ಮಾದರಿಯಲ್ಲಿ ನಿಲ್ಲಿಸಿರುವ ಎತ್ತರದ ಬುದ್ಧಮೂರ್ತಿಯೊಂದು ಅಲ್ಲಿ ಆ ದಿನದ ಸ್ಮಾರಕವಾಗಿದೆ. ಅದುವರೆಗೆ ಹರಟುತ್ತಿದ್ದ ಗೆಳೆಯರು ಆ ಊರು ದಾಟುವವರೆಗೆ ಮಾತನಾಡಲಿಲ್ಲ.

ಗಾಲೆಯಲ್ಲಿ ಇಳಿದರೆ ಎದುರಿಗೇ ಡಚ್ಚರ ಕೋಟೆ, ಅದರ ಬುಡದಲ್ಲಿ ಕ್ರಿಕೆಟ್ ಮೈದಾನ. ಸುನಾಮಿಯಿಂದ ಹಾಳಾಗಿದ್ದ ಈ ಮೈದಾನದಲ್ಲಿ 2007ರ ಡಿಸೆಂಬರಿನಲ್ಲಿ ಮತ್ತೆ ಟೆಸ್ಟ್ ಪಂದ್ಯ ನಡೆಯಿತು. ಮರುವರ್ಷ ನಮ್ಮ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ಭಾರತ ಇಲ್ಲಿಯೇ ಗೆದ್ದಿತು. ಬ್ಯಾಂಕಿನವರು ಕೋಟೆಯ ಗೋಡೆಯಿಂದ ಕದಲಲು ಒಪ್ಪದಿದ್ದುದಕ್ಕೆ ಇದೇ ಕಾರಣ.

ಗಾಲೆಗೆ ಸಮೀಪದಲ್ಲೇ ಉನವಟುನ. ಕೊಲ್ಲಿಯ ಒಂದು ಬದಿಗೆ ರೂಮಸ್ಸಲ ಗುಡ್ಡ; ಸಂಜೀವಿನಿ ಪರ್ವತವನ್ನು ಹೊತ್ತೊಯ್ಯುತ್ತಿದ್ದ ಹನುಮಂತನ ಕೈಯಿಂದ ಜಾರಿದ ತುಣುಕೇ ಅದೆಂದು ಅಲ್ಲಿಯವರ ನಂಬಿಕೆ. ‘ಅಗೋ ಬಿತ್ತು’ ಎಂಬರ್ಥದ ಸಿಂಹಳ ಮಾತಿನಿಂದಲೇ ಊರಿಗೆ ಈ ಹೆಸರು ಬಂದಿತಂತೆ. ಹವಳದ ದಿಣ್ಣೆ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ನೀರು ಮಳೆಗಾಲ ಕಳೆದ ಕೆರೆಯಂತೆ ಶಾಂತವಾಗಿರುತ್ತದೆ.

ಬೆಳಿಗ್ಗೆ ತೆಂಗಿನ ಹಾಲಿನ ಆಪ್ಪ, ಬೇಳೆಯ ಸಾರು. ಬಿಸಿಲೇರಿದರೆ ‘ತಂಬಿಲಿ’ ಎಂಬ ಕಿತ್ತಳೆ ಬಣ್ಣದ ಎಳನೀರು. (ಸಸ್ಯಾಹಾರಿಗಳು ತೆಂಗಿನ ಸಂಬೋಲವನ್ನು ಬಡಿಸಿಕೊಳ್ಳುವ ಮುನ್ನ ವಿಚಾರಿಸುವುದು ಮೇಲು, ಅದರಲ್ಲಿ ಒಣಮೀನಿನ ಪುಡಿ ಬೆರೆಸುವುದುಂಟು.) ಉಳಿದ ಹೊತ್ತೆಲ್ಲ ಮರಳಿನ ಮೇಲೆ ಮಲಗುವುದು. ಉಪಾಧ್ಯಾಯರಿಗೆ ಇದು ಮೊದಲ ದಿನವೇ ಒಗ್ಗಿತು. ರೇಷ್ಮೆಯವನು ಮಾತ್ರ ಗಳಿಗೆಗೊಮ್ಮೆ ಎದ್ದು ಕೂರುತ್ತಿದ್ದ. ರಾತ್ರಿ ಎರಡಕ್ಕೆ ಸೊಪ್ಪು ಹಾಕುವ ಅಭ್ಯಾಸದಿಂದ ಆ ಹೊತ್ತಿಗೆ ಅವನಿಗೆ ತಾನಾಗಿ ಎಚ್ಚರವಾಗುತ್ತಿತ್ತು.

ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದ ಅವನು ಎರಡನೆಯ ದಿನ ದಿಣ್ಣೆಯ ಅಂಚಿನತ್ತ ಹೊರಟುಬಿಟ್ಟ.

“ಏನಯ್ಯಾ, ಇದನ್ನು ನಿಮ್ಮ ತೋಟದ ಬಾವಿ ಅಂದುಕೊಂಡೆಯಾ? ತಿರುಗು!” ಎಂದು ಉಪಾಧ್ಯಾಯರು ಕೂಗಿದರು.

ತಿರುಗಿದ, ಕೈ ಬಡಿದರೂ ದಡ ಹತ್ತಿರವಾಗಲಿಲ್ಲ. ಬಾವಿಗೆ ನಾಲ್ಕು ಕಡೆಯೂ ಗೋಡೆಯುಂಟು, ನೀರು ಯಾರನ್ನೂ ಎಳೆದೊಯ್ಯುವುದಿಲ್ಲ. ಕಡಲಲ್ಲಾದರೋ ದಡಕ್ಕೆ ಬಂದ ನೀರು ತಗ್ಗು ಹಿಡಿದು ಹಿಂದಕ್ಕೆ ಹರಿಯುವಾಗ ಒಳ್ಳೆಯ ಈಜುಗಾರನನ್ನೂ ಒಯ್ಯುತ್ತದೆ. ಆ ಸೆಳೆತಕ್ಕೆ ಎದುರಾಗಿ ಈಜಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಸೆಳೆತ ಸಡಿಲವಾದ ಮೇಲೆ ದಡದತ್ತ ತಿರುಗಬೇಕು. ದೋಣಿಯ ಬಳಿಯಿದ್ದ ಬೆಸ್ತನೊಬ್ಬ ಕೈ ಬೀಸಿ ತೋರಿಸಿದ್ದೂ ಇದನ್ನೇ. ಭಾಷೆ ತಿಳಿಯದಿದ್ದರೂ ಸನ್ನೆ ತಿಳಿಯಿತು. ಬಹು ದೂರದಲ್ಲಿ ದಡ ಹತ್ತಿದವನು ಮರಳಿನ ಮೇಲೆ ಅಂಗಾತ ಬಿದ್ದುಕೊಂಡ. ಆ ಇಡೀ ಮಧ್ಯಾಹ್ನ ಏಳಲೇ ಇಲ್ಲ. ಅಂದು ರಾತ್ರಿ ಎರಡಕ್ಕೂ ಅವನಿಗೆ ಎಚ್ಚರವಾಗಲಿಲ್ಲವೆಂದು ಬ್ಯಾಂಕಿನವರ ಸಾಕ್ಷ್ಯ.

ಈ ಕರಾವಳಿ ಪ್ರಶಾಂತವಾಗಿರುವುದು ಡಿಸೆಂಬರಿನಿಂದ ಏಪ್ರಿಲಿನವರೆಗೆ. ಮೇ ತಿಂಗಳಿಂದ ನೈಋತ್ಯ ಮುಂಗಾರು ನೇರವಾಗಿ ಇಲ್ಲಿಗೇ ಅಪ್ಪಳಿಸುತ್ತದೆ. ಬೇಸಿಗೆ ರಜೆಯ ಕೊನೆಯಲ್ಲಿ ಮಕ್ಕಳೊಡನೆ ಹೋಗುವವರು ಆಗ ತಿಳಿಯಾಗಿರುವ ಪೂರ್ವ ತೀರದ ತ್ರಿಕೋಣಮಲೆಯ ಕಡೆಗೆ ಹೋಗುವುದೇ ಸರಿ.