ಬಾಣಂತಿಗೂ ಒಂದು ರಕ್ತಪರೀಕ್ಷೆ

ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ಹೊರಟಾಗ ಚೀಲದಲ್ಲಿ ನನ್ನದೊಂದು ಚೀಟಿಯೂ ಇತ್ತು: ಲಿವರ್ ಪರೀಕ್ಷೆ, ಪಿತ್ತಾಮ್ಲ. ಬಾಣಂತನಕ್ಕೆಂದು ಧಾರವಾಡದಿಂದ ಡೊಂಬಿವ್ಲಿಗೆ ಬಂದಿದ್ದ ಅವ್ವ ಕೇಳಿದಳು, "ಹಡದಾತಲ್ಲ, ಇನ್ನ ನಿನ್ನ ರಕ್ತ ಯಾಕ ತಗೀತಾರ?"

ಎಂಟನೆಯ ತಿಂಗಳಲ್ಲಿ ಅಂಗೈ, ಅಂಗಾಲು ತುರಿಸತೊಡಗಿದ್ದವು. ಗುಳ್ಳೆಯಿಲ್ಲ, ಕೆಂಪಿಲ್ಲ, ರಾತ್ರಿಯಾದರೆ ಮಾತ್ರ ನಿದ್ದೆಯಿಲ್ಲ. "ಹೊಟ್ಟಿ ಬೆಳದಂಗ ತುರಸ್ತದ, ಕೊಬ್ಬರಿ ಎಣ್ಣಿ ಹಚ್ಚು" ಅಂತ ಅವ್ವ ಫೋನಿನಲ್ಲಿ ಹೇಳಿದ್ದಳು. ಪರೀಕ್ಷೆಯಲ್ಲಿ ಪಿತ್ತಾಮ್ಲ 46. ಹತ್ತರೊಳಗೆ ಇರಬೇಕಾದದ್ದು. ಗರ್ಭಿಣಿಯ ಹಾರ್ಮೋನುಗಳಿಂದ ಕೆಲವರ ಲಿವರ್‌ನಲ್ಲಿ ಪಿತ್ತದ ಹರಿವು ಮಂದವಾಗುತ್ತದೆ, ಪಿತ್ತಾಮ್ಲ ರಕ್ತಕ್ಕೆ ಸೇರುತ್ತದೆ. ಅದು ತೀರಾ ಏರಿದರೆ ಹೊಟ್ಟೆಯೊಳಗಿನ ಕೂಸಿಗೇ ಅಪಾಯ. ಅದಕ್ಕೇ 37 ವಾರಕ್ಕೆ ಹೆರಿಗೆ ಮಾಡಿಸಿದರು. ನಾಲ್ಕೇ ದಿನದಲ್ಲಿ ತುರಿಕೆ ಮಾಯ.

ತುರಿಕೆ ನಿಂತರೆ ಸಾಲದು, ಅಂಕಿಗಳೂ ಇಳಿಯಬೇಕು ಎಂದರು ವೈದ್ಯೆ. ಬಸುರಿಯ ವರದಿ ಓದುವ ಕ್ರಮವೇ ಬೇರೆಯಂತೆ: ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಅದು ಮಾಸಿನಿಂದಲೂ ಬಂದಿರಬಹುದು. ಎಸ್‌ಜಿಪಿಟಿ ಹಾಗಲ್ಲ, ಬಸಿರೆಂಬ ಒಂದೇ ಕಾರಣಕ್ಕೆ ಅದು ಏರುವುದಿಲ್ಲ. ಹೆರಿಗೆಯಾಗಿ ವಾರಗಳು ಕಳೆದರೂ ಇಳಿಯದಿದ್ದರೆ ಪಿತ್ತಕೋಶದ ಕಲ್ಲೋ, ಹೆಪಟೈಟಿಸ್ಸೋ, ಬೇರೆ ಲಿವರ್ ಕಾಯಿಲೆಯೋ ಹುಡುಕಬೇಕು.

ಕೂಸಿನ ಕಣ್ಣು ಹಳದಿಯಾಗಿದೆಯೇ ಅಂತ ಬಂದವರೆಲ್ಲ ನೋಡುತ್ತಿದ್ದರು. ಬಾಣಂತಿಗೆ ದಿನಕ್ಕೆಷ್ಟು ಅಂಟಿನುಂಡಿ ಎಂಬುದಕ್ಕೆ ನಮ್ಮಲ್ಲಿ ಲೆಕ್ಕವುಂಟು. ಅವಳ ಕಣ್ಣು ನೋಡುವ ಪದ್ಧತಿ ಮಾತ್ರ ಕಾಣೆ.

ನನ್ನ ಪಿತ್ತಾಮ್ಲ ಇಳಿದಿತ್ತು, ಎಸ್‌ಜಿಪಿಟಿ 71ಕ್ಕೇ ನಿಂತಿತ್ತು. "ಕಷಾಯ ಏನಾದರೂ?" ಎಂದರು ವೈದ್ಯೆ. ಅವ್ವ ನನ್ನ ಮುಖ ನೋಡಿದಳು. ದಿನಾ ಬೆಳಿಗ್ಗೆ ಅಮೃತಬಳ್ಳಿ ನಡೆದಿತ್ತು. ಅದನ್ನು ಕುಡಿದವರ ಲಿವರ್‌ಗೆ ಪೆಟ್ಟಾದ ಪ್ರಕರಣಗಳು 2021ರಲ್ಲಿ ಮುಂಬೈಯಿಂದಲೇ ವರದಿಯಾಗಿದ್ದವು. ಕಷಾಯವೇ ಕಾರಣ ಎಂದು ವೈದ್ಯೆ ಹೇಳಲಿಲ್ಲ. ನಿಲ್ಲಿಸಿ, ಸ್ಕ್ಯಾನ್ ಮಾಡಿಸಿ, ಮತ್ತೆ ಬನ್ನಿ ಎಂದರಷ್ಟೇ. ಬಸ್ಸಿನಲ್ಲಿ ಅವ್ವ ಮಾತಾಡಲಿಲ್ಲ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮೂರನೆಯ ತಿಂಗಳಿಗೆ ಎಸ್‌ಜಿಪಿಟಿ 29. ಮುಂದಿನ ಬಸಿರಿನಲ್ಲೂ ಇದು ಮರುಕಳಿಸುವ ಸಂಭವ ಹೆಚ್ಚು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕೇಳದೆ ತಗೊಳ್ಳಬೇಡಿ ಎಂದು ಫೈಲಿನ ಮೇಲೆ ಬರೆದುಕೊಟ್ಟರು. ಮನೆತನದಲ್ಲಿ ಹರಿದು ಬರುವುದೂ ಉಂಟಂತೆ.

ತಂಗಿಗೆ ಈಗ ಏಳು ತಿಂಗಳು. ಅವ್ವ ದಿನಾ ಫೋನ್ ಮಾಡಿ ಊಟಕ್ಕಿಂತ ಮೊದಲು ಅವಳ ಅಂಗಾಲಿನ ಸುದ್ದಿ ಕೇಳುತ್ತಾಳೆ.