ತುಂಬದೆ ಬಿಟ್ಟ ಬಿರುಕು

ಹಸ್ತಪ್ರತಿಗಳ ಸಂಪಾದನೆಯಲ್ಲಿ ತೊಡಗಿದವರನ್ನು ಒಂದು ಆಸೆ ಬಿಡದೆ ಕಾಡುತ್ತದೆ: ಹುಳು ತಿಂದ ಜಾಗದಲ್ಲಿ ತನ್ನ ಅಕ್ಷರವನ್ನು ಕೂರಿಸುವ ಆಸೆ. ಹಿಂದೊಮ್ಮೆ ಜೈನಕಾವ್ಯವೊಂದರ ತಾಳೆಗರಿಯನ್ನು ಓದುವಾಗ, ಛಂದಸ್ಸಿಗೆ ಹೊಂದಿತೆಂಬ ಒಂದೇ ಕಾರಣಕ್ಕೆ ನಾನೂ ತ್ರುಟಿತ ಭಾಗವೊಂದನ್ನು ತುಂಬಿದ್ದೆ. ಕಂಸ ಹಾಕುವುದನ್ನೂ ಮರೆತಿದ್ದೆ. ಮುಂದೆ ಇನ್ನೊಂದು ಪ್ರತಿ ದೊರೆತಾಗ ಅಲ್ಲಿದ್ದ ಪಾಠವೇ ಬೇರೆ. ಆ ನಾಚಿಕೆ ಮತ್ತೆ ಮರುಕಳಿಸಿದ್ದು ಹಸ್ತಪ್ರತಿಗೆ ಯಾವ ಸಂಬಂಧವೂ ಇಲ್ಲದ ವಸ್ತುವಿನಿಂದ: ಫ್ರಾನ್ಸಿನ ಮಣ್ಣಿನಲ್ಲಿ ಹೂತುಹೋಗಿದ್ದ ಯುದ್ಧ ಟ್ಯಾಂಕಿನಿಂದ.

1917ರ ನವೆಂಬರ್ 20, ಕಾಂಬ್ರೇ ಕದನದ ಮೊದಲ ದಿನ. ಬ್ರಿಟಿಷ್ ಸೇನೆಯ 'ಡೆಬೊರಾ' ಎಂಬ ಮಾರ್ಕ್ 4 ಟ್ಯಾಂಕು ಫ್ಲೆಸ್ಕಿಯೇರ್ ಗ್ರಾಮದಲ್ಲಿ ಫಿರಂಗಿಯ ಹೊಡೆತಕ್ಕೆ ತುತ್ತಾಯಿತು. ಒಳಗಿದ್ದ ಎಂಟು ಮಂದಿಯಲ್ಲಿ ಐವರು ಮಡಿದರು. ಬಳಿಕ ಆ ಉಕ್ಕಿನ ಒಡಲನ್ನು ಹೊಂಡಕ್ಕೆ ತಳ್ಳಲಾಯಿತು. ಮಣ್ಣು ಮುಚ್ಚಿತು, ಊರು ಮರೆಯಿತು. ಗ್ರಾಮದ ವೃದ್ಧೆಯೊಬ್ಬರ ನೆನಪನ್ನೇ ಎಳೆಯಾಗಿ ಹಿಡಿದು, ಫಿಲಿಪ್ ಗೋರ್ಚಿನ್ಸ್ಕಿ ಎಂಬ ಸ್ಥಳೀಯ ಇತಿಹಾಸಾಸಕ್ತರು ವರ್ಷಗಟ್ಟಲೆ ಹುಡುಕಿದರು. 1998ರ ನವೆಂಬರಿನಲ್ಲಿ ಅದು ಬೆಳಕು ಕಂಡಿತು. ಲಿಖಿತ ದಾಖಲೆಯ ಎದುರು ಬಾಯ್ಮಾತನ್ನು ಹಗುರವಾಗಿ ಕಾಣುವ ಸಂಶೋಧಕರು ಇದನ್ನು ಗಮನಿಸಬೇಕು.

ಹೂತ ಸೇನಾವಾಹನಗಳನ್ನು ಮೇಲೆತ್ತಿದವರು ತುಕ್ಕು ಕೆರೆದು, ಬಿಡಿಭಾಗ ಜೋಡಿಸಿ, ಬಣ್ಣ ಬಳಿದು, ಎಂಜಿನ್ನನ್ನು ಮತ್ತೆ ಚಾಲೂ ಮಾಡುವುದುಂಟು. ಆ ಶ್ರಮ ಸಣ್ಣದಲ್ಲ. ಆದರೆ ಡೆಬೊರಾವನ್ನು ಹೊಸದಾಗಿಸಲಿಲ್ಲ. ಗುಂಡು ಸೀಳಿದ ತಗಡು ಸೀಳಿದಂತೆಯೇ ಉಳಿದಿದೆ. ಮಡಿದ ಐವರ ಸಮಾಧಿಗಳಿರುವ ರುದ್ರಭೂಮಿಯ ಪಕ್ಕದಲ್ಲೇ 2017ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಅದು ನಿಂತಿದೆ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು ಕೊಲ್ಲುವ ಯಂತ್ರದ ರಕ್ಷಣೆಯನ್ನು ಒಪ್ಪಬಹುದೇ? ಬಹುಕಾಲ ಈ ಪ್ರಶ್ನೆ ನನ್ನನ್ನು ಬಾಧಿಸಿತು. ಹೊಳೆಯುವ ಬಣ್ಣ ಬಳಿದಿದ್ದರೆ ಅದು ಮತ್ತೊಮ್ಮೆ ಆಯುಧವಾಗಿಯೇ ಕಾಣುತ್ತಿತ್ತು. ಬಿರುಕಿನೊಡನೆ ಉಳಿದದ್ದರಿಂದ ಹಿಂಸೆಗೆ ಸಾಕ್ಷಿಯಾಯಿತು. ನಮ್ಮ ವೀರಗಲ್ಲುಗಳು ಮಡಿದವನನ್ನು ಅಪ್ಸರೆಯರ ನಡುವೆ ಸ್ವರ್ಗಕ್ಕೆ ಕರೆದೊಯ್ಯುತ್ತವೆ. ಈ ತಗಡು ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ. ಸಾವು ಒಳಹೊಕ್ಕ ದಾರಿಯನ್ನಷ್ಟೇ ತೋರಿಸುತ್ತದೆ. ತುಂಬಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು.

ನನ್ನ ಆ ಪದ್ಯದ ಪರಿಷ್ಕೃತ ಪಾಠವನ್ನು ಈಗ ಸಿದ್ಧಪಡಿಸುತ್ತಿದ್ದೇನೆ. ಎರಡನೆಯ ಪ್ರತಿಯ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದೇನೆ. ಮೂಲಗರಿಯಲ್ಲಿ ಹುಳು ತಿಂದಲ್ಲಿ ನನ್ನ ಅಕ್ಷರಗಳನ್ನು ಅಳಿಸಿ ಚುಕ್ಕಿಗಳನ್ನಿಟ್ಟಿದ್ದೇನೆ.