ಯಾದಗಿರಿಯಿಂದ ಸುರಪುರಕ್ಕೆ: ಎಣ್ಣೆ ಸೋರುವ ಗಾಡಿಯ ದಾರಿ

ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ಕರಾವಳಿ ಅಥವಾ ಬೆಂಗಳೂರಿನ ಓದುಗರಿಗೆ ಮೊದಲು ನೆನಪಾಗುವುದು ಬಿಸಿಲು. ಬಿಸಿಲಿದೆ, ಸುಳ್ಳಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆದರೆ ನೀವು ಸ್ವಂತ ಕಾರಿನಲ್ಲಿ, ಮಕ್ಕಳನ್ನೂ ವಯಸ್ಸಾದ ತಾಯಿಯನ್ನೂ ಕೂರಿಸಿಕೊಂಡು ಈ ಕಡೆ ಹೊರಟಿದ್ದರೆ ಬಿಸಿಲಿಗಿಂತ ನೆಲದ ಬಗ್ಗೆ ಹೆಚ್ಚು ಯೋಚಿಸಬೇಕು. ಇಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲಿನ ಡಾಂಬರು ಕ್ರಮೇಣ ಅಲೆಯಲೆಯಾಗುತ್ತದೆ. ಆ ಅಲೆಗಳ ಪೆಟ್ಟನ್ನೆಲ್ಲ ತಿನ್ನುವುದು ಚಕ್ರದ ಪಕ್ಕದಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ಶಾಕ್ ಅಬ್ಸಾರ್ಬರ್.

ಯಾದಗಿರಿ 2009ರ ಕೊನೆಯಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಮುಂಬೈ-ಚೆನ್ನೈ ರೈಲು ಮಾರ್ಗದ ನಿಲ್ದಾಣ. ಕೋಟೆ ಹತ್ತುವ ಆಸೆಯಿದ್ದರೆ ಬೆಳಿಗ್ಗೆ ಏಳಕ್ಕೆ ಮೊದಲು ಹತ್ತಿ ಇಳಿಯಿರಿ. ಹೊರಡುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ಕಾರಿನ ಒಂದೊಂದು ಮೂಲೆಯನ್ನೂ ಎರಡೂ ಕೈಗಳಿಂದ ಬಲವಾಗಿ ಒತ್ತಿ ಬಿಡಿ. ಮೇಲೆದ್ದು ಒಮ್ಮೆ ತೂಗಿ ನಿಂತರೆ ಸರಿ. ತೊಟ್ಟಿಲಿನಂತೆ ಮೂರು ನಾಲ್ಕು ಸಲ ತೂಗಿದರೆ ಆ ಮೂಲೆಯ ಶಾಕ್ ಅಬ್ಸಾರ್ಬರ್ ಸೋತಿದೆ. ಮೂಲೆ ಗಟ್ಟಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದೇನೂ ಅಲ್ಲ, ಬಗ್ಗಿ ಎಣ್ಣೆಯ ಗುರುತನ್ನೂ ನೋಡಬೇಕು.

ಶಾಕ್ ಅಬ್ಸಾರ್ಬರ್ ಎಂದರೆ ಬೇರೇನಲ್ಲ, ಒಂದು ಎಣ್ಣೆ ಪಂಪು. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ರಂಧ್ರಗಳು. ಚಕ್ರ ಕುಣಿದಾಗ ಎಣ್ಣೆ ಆ ರಂಧ್ರಗಳಲ್ಲಿ ತೂರಿ ಹೋಗಬೇಕು. ಆ ತ್ರಾಸದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಕರಗುತ್ತದೆ. ಮೇಲ್ತುದಿಯಲ್ಲಿ ಒಂದು ರಬ್ಬರ್ ಸೀಲ್ ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ. ದೂಳು ತಡೆಯುವ ರಬ್ಬರ್ ಚೀಲ ಹರಿದರೆ ಈ ಕಡೆಯ ನಯವಾದ ಕಪ್ಪು ದೂಳು ಹೊಳೆಯುವ ರಾಡಿಗೆ ಅಂಟಿ ಅದನ್ನು ಗೀರುತ್ತದೆ. ಗೀರಿದ ರಾಡು ಸೀಲನ್ನು ಕೊಯ್ಯುತ್ತದೆ. ಆಮೇಲೆ ಸೋರಿಕೆ.

ಯಾದಗಿರಿ ಬಿಟ್ಟು ಭೀಮಾ ನದಿ ದಾಟಿ ಶಹಾಪುರದ ಕಡೆ ಸಾಗಿದರೆ ದಾರಿಯ ಕೊನೆಯಲ್ಲಿ ಮಲಗಿದ ಬುದ್ಧ ಕಾಣಿಸುತ್ತಾನೆ. ನಾಲ್ಕು ಗುಡ್ಡಗಳು ಸೇರಿ ಮನುಷ್ಯನೊಬ್ಬ ಅಂಗಾತ ಮಲಗಿದಂತೆ ತೋರುವ ನೋಟ. ಮಕ್ಕಳಿಗೆ ತೋರಿಸಲು ಕಾರು ನಿಲ್ಲಿಸುತ್ತೀರಿ. ನಿಲ್ಲಿಸಿದಲ್ಲೇ ಚಕ್ರದ ಒಳಬದಿಗೆ ಒಮ್ಮೆ ಕಣ್ಣು ಹಾಯಿಸಿ. ಶಾಕ್ ಅಬ್ಸಾರ್ಬರ್ ಮೇಲೆ ತೆಳುವಾಗಿ ಬೆವರಿದಂತಿದ್ದರೆ ಗಾಬರಿ ಬೇಡ. ಎಣ್ಣೆ ಧಾರೆಯಾಗಿ ಇಳಿದು ಅದರ ಮೇಲೆ ದೂಳು ಕೆಸರಾಗಿ ಮೆತ್ತಿದ್ದರೆ ಮಿಸ್ತ್ರಿಯನ್ನು ಹುಡುಕಬೇಕು. ಆದರೆ ಒದ್ದೆ ಟೈರಿನ ಒಳಗೋಡೆಯಲ್ಲಿದ್ದು, ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟವೂ ಇಳಿದಿದ್ದರೆ ಅದು ಶಾಕ್ ಅಬ್ಸಾರ್ಬರ್ ಅಲ್ಲ, ಬ್ರೇಕು. ಕಾರು ಅಲ್ಲೇ ನಿಲ್ಲಬೇಕು. 'ನಿಧಾನಕ್ಕೆ ಶಹಾಪುರ ಮುಟ್ಟೋಣ' ಎಂಬ ಮಾತಿಗೆ ದಯವಿಟ್ಟು ಒಪ್ಪಬೇಡಿ.

ಇಂಥ ಊರುಗಳ ಗ್ಯಾರೇಜಿನಲ್ಲಿ ದಖನಿಯೂ ಕನ್ನಡವೂ ಒಂದೇ ವಾಕ್ಯದಲ್ಲಿ ಬರುತ್ತವೆ. 'ಸೀಲ್ ಹೋಗ್ಯದ ಸಾಬ್, ರಿಪೇರಿ ಮಾಡ್ಲೋ, ಹೊಸಾದು ಹಾಕ್ಲೋ?' ಎಂಬ ಪ್ರಶ್ನೆ ನಿಮಗೂ ಎದುರಾಗಬಹುದು. ಬೈಕಿನ ಮುಂದಿನ ಫೋರ್ಕ್ ಆದರೆ ರಿಪೇರಿಯೇ ಸರಿ. ಸೀಲ್ ಬದಲಿಸಿ ಅಳತೆಯ ಎಣ್ಣೆ ತುಂಬಿದರೆ ಮುಗಿಯಿತು, ರಾಡು ಗೀರಿರಬಾರದು ಅಷ್ಟೆ. ಕಾರಿನದು ಹಾಗಲ್ಲ. ಹೆಚ್ಚಿನವು ಬೆಸುಗೆ ಹಾಕಿ ಮುಚ್ಚಿದವು, ಬಹಳಷ್ಟರಲ್ಲಿ ಒತ್ತಡದ ಗ್ಯಾಸೂ ಇರುತ್ತದೆ. ಕತ್ತರಿಸಿ, ಎಣ್ಣೆ ಸುರಿದು, ಮತ್ತೆ ಬೆಸೆಯುವ ಜಾಣರಿದ್ದಾರೆ. ಹಣ ಕಡಿಮೆಯಾಗುತ್ತದೆ ನಿಜ. ಆದರೆ ಎಡಬಲಗಳ ಬಿಗಿತ ಒಂದೇ ಆಗಿರುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದ ಕ್ಷಣ ಕಾರು ಒಂದು ಕಡೆಗೆ ಎಳೆಯುತ್ತದೆ. ಕುಟುಂಬ ಕೂರುವ ಗಾಡಿಗೆ ಈ ಉಳಿತಾಯ ಬೇಡವೆಂಬುದು ನನ್ನ ಅಭಿಪ್ರಾಯ. ಹೊಸದನ್ನು ಹಾಕಿಸಿ, ಮುಂದಿನವಾದರೆ ಎರಡೂ ಮುಂದಿನವು, ಹಿಂದಿನವಾದರೆ ಎರಡೂ ಹಿಂದಿನವು. ಬಿಚ್ಚಿದ ಹಳೆಯದನ್ನು ಕೇಳಿ ಪಡೆದುಕೊಳ್ಳಿ. ಬಣ್ಣ ಬಳಿದ ಹಳೆಯ ಮಾಲು ಹೊಸದರ ಪೆಟ್ಟಿಗೆಯಲ್ಲಿ ಬರುವುದುಂಟು.

ಕೆಲಸ ಮುಗಿಯುವ ತನಕ ಸಮಯವಿದ್ದರೆ ಶಹಾಪುರದ ಹತ್ತಿರದ ಗೋಗಿಗೆ ಬಸ್ಸಿನಲ್ಲೇ ಹೋಗಿ ಬನ್ನಿ. ಬಿಜಾಪುರದ ಆದಿಲ್ ಷಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಷಾ ಮಲಗಿರುವುದು ಬಿಜಾಪುರದಲ್ಲಲ್ಲ, ಇಲ್ಲಿ, ಚಂದಾ ಹುಸೈನಿಯವರ ದರ್ಗಾದ ಬಳಿ. ಗೋಲ್ ಗುಂಬಜ್ ನೋಡಿ ಬಂದವರಿಗೆ ಈ ಸಮಾಧಿಗಳ ಸರಳತೆ ಆಶ್ಚರ್ಯ ತರುತ್ತದೆ.

ನಿಜವಾದ ಹೈಡ್ರಾಲಿಕ್ ಪಂಪಿನ ಮೇಲೆಯೇ ನಿಲ್ಲುವ ಕಾರುಗಳೂ ಜಗತ್ತಿನಲ್ಲಿದ್ದವು. ಫ್ರಾನ್ಸಿನ ಸಿಟ್ರೋಯನ್ ಕಂಪೆನಿಯ ಡಿ.ಎಸ್. ಕಾರು 1955ರಲ್ಲಿ ಬಂತು. ಎಂಜಿನ್ ಶುರುವಾದರೆ ಪಂಪು ದ್ರವವನ್ನು ಒತ್ತಿ ಕಾರನ್ನೇ ಮೇಲೆತ್ತುತ್ತಿತ್ತು. ಅದೇ ಪಂಪಿನಿಂದ ಬ್ರೇಕಿಗೂ ಸ್ಟೀರಿಂಗಿಗೂ ಬಲ. ಪಂಪು ಸೋರಿದರೆ ಕಾರು ಒಂಟೆಯಂತೆ ನೆಲಕ್ಕೆ ಕೂರುತ್ತಿತ್ತು. ನಮ್ಮ ಈ ದಾರಿಯಲ್ಲಿ ಅಂಥ ಪಂಪು ನೋಡಬೇಕಾದರೆ ಟ್ರ್ಯಾಕ್ಟರಿನ ಹತ್ತಿರ ಹೋಗಬೇಕು.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬೀದರ್-ಶ್ರೀರಂಗಪಟ್ಟಣ ಹೆದ್ದಾರಿಯಲ್ಲಿ ಟ್ರ್ಯಾಕ್ಟರುಗಳಿಗೆ ಕೊರತೆಯಿಲ್ಲ. ನಾರಾಯಣಪುರದ ಬಸವಸಾಗರದಿಂದ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ಟ್ರ್ಯಾಕ್ಟರಿನ ಪಂಪು ನೇಗಿಲನ್ನೂ ಎತ್ತುತ್ತದೆ, ಟಿಪ್ಪರ್ ಟ್ರಾಲಿಯನ್ನೂ ಎತ್ತುತ್ತದೆ. ನಿಮ್ಮ ಮನೆಯಲ್ಲಿ, ಬಂಧುಗಳಲ್ಲಿ ಟ್ರ್ಯಾಕ್ಟರ್ ಇದ್ದವರಿಗೆ ಎರಡು ಮಾತು ತಪ್ಪದೆ ಹೇಳಿ. ಎತ್ತಿದ ಟ್ರಾಲಿಯ ಕೆಳಗೆ ಗಟ್ಟಿ ಆಸರೆ ಇಡದೆ ಯಾರೂ ತೂರಬಾರದು. ಸೀಲ್ ಹರಿದರೆ ಅಥವಾ ಪೈಪು ಒಡೆದರೆ ಆ ಭಾರ ಇಳಿಯಲು ಒಂದು ಕ್ಷಣ ಸಾಕು. ಇನ್ನೊಂದು, ಎಂಜಿನ್ ಓಡುತ್ತಿರುವಾಗ ಪೈಪು ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ತಡವಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಸಾಯುತ್ತಿರುತ್ತದೆ. ಅರಿಶಿನ ಹಚ್ಚಿ ಮಲಗಿದವನು ಬೆರಳನ್ನೇ, ಕೈಯನ್ನೇ ಕಳೆದುಕೊಳ್ಳಬಹುದು. ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಒಯ್ದು 'ಎಣ್ಣೆ ಒತ್ತಡದಿಂದ ಒಳಗೆ ಹೋಗಿದೆ' ಎಂದೇ ವೈದ್ಯರಿಗೆ ತಿಳಿಸಬೇಕು. ಸೋರುವ ಜಾಗ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಸುರಪುರ ಬಂಡೆಗಳ ನಡುವಿನ ಊರು. ಏರು ಓಣಿಗಳು, ನಾಯಕ ಅರಸರ ನೆನಪು, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರ ಕಥೆ. ಅದಕ್ಕೂ ಮೊದಲು 1841ರಿಂದ 1853ರವರೆಗೆ ಇಲ್ಲಿದ್ದ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಮನೆಯನ್ನು ಜನ ಟೇಲರ್ ಮಂಜಿಲ್ ಎನ್ನುತ್ತಾರೆ. ಆ ಕಾಲದ ಸಾಹೇಬರ ಪಲ್ಲಕ್ಕಿಗೆ ಶಾಕ್ ಅಬ್ಸಾರ್ಬರ್ ಎಂದರೆ ಹೊರುವವರ ಹೆಗಲು, ಮೊಣಕಾಲು. ಅವು ಸವೆದದ್ದನ್ನು ಯಾರು ಲೆಕ್ಕ ಇಟ್ಟರೋ!

ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ. ಮುಂದೆ ಹೊರಟರೆ ತಿಂಥಣಿಯ ಬಳಿ ಕೃಷ್ಣೆಯ ಸೇತುವೆ, ಅದರಾಚೆ ಲಿಂಗಸುಗೂರು. ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದ್ದರೆ ಊರು ಸೇರಿದ ಕೂಡಲೇ ಚಕ್ರಗಳ ಅಲೈನ್‌ಮೆಂಟ್ ನೋಡಿಸಿ. ಇಲ್ಲದಿದ್ದರೆ ಹೊಸ ಟೈರು ಒಂದು ಅಂಚಿನಲ್ಲಿ ಸವೆಯಲು ಶುರುವಾಗುತ್ತದೆ.